ಲೇಪಾಕ್ಷಿಯ ಕಲ್ಲುಬಸವನೂ ಕೊಟ್ಟಿಗೆಯ ಎತ್ತುಗಳೂ

ಹಿಂದೂಪುರದಿಂದ ಪೂರ್ವಕ್ಕೆ ಸುಮಾರು 15 ಕಿಲೋಮೀಟರು ಹೋದರೆ ಲೇಪಾಕ್ಷಿ ಸಿಕ್ಕುತ್ತದೆ. ಊರಿನ ಅಂಚಿನಲ್ಲಿ, ರಸ್ತೆಯ ಮಗ್ಗುಲಲ್ಲೇ, ಒಂದು ಭಾರಿ ಕಲ್ಲುಬಸವಣ್ಣ ಕಾಲು ಮಡಚಿ, ಕತ್ತೆತ್ತಿ ಕುಳಿತಿದ್ದಾನೆ. ಬಸ್ಸಿನಲ್ಲಿರುವ ಮುದುಕರು ಕುಳಿತಲ್ಲಿಂದಲೇ ಕೈ ಮುಗಿಯುತ್ತಾರೆ. ಮಕ್ಕಳು ಕಿಟಕಿಗೆ ಮುಗಿಬೀಳುತ್ತಾರೆ. ನಮ್ಮ ಮಡಕಶಿರಾ ಸೀಮೆಯವರಿಗೆ ಇದು ಹೊಸ ಜಾಗವಲ್ಲ. ಶಾಲೆಯ ಪ್ರವಾಸವೆಂದರೆ ಲೇಪಾಕ್ಷಿ, ಊರಿಂದ ನೆಂಟರು ಬಂದರೆ ಲೇಪಾಕ್ಷಿ, ಹೊಸದಾಗಿ ಮದುವೆಯಾದವರ ಮೊದಲ ಸುತ್ತಾಟವೂ ಲೇಪಾಕ್ಷಿಯೇ. ಇಷ್ಟು ಸಲ ನೋಡಿದ ಸ್ಥಳದ ವಿಷಯ ಬೇಸಾಯದ ಪುಟಕ್ಕೆ ಏಕೆಂದು ಕೆಲವು ವಾಚಕರು ಕೇಳಬಹುದು. ಆ ಬಸವಣ್ಣನನ್ನು ದೇವರೆಂದು ನೋಡಿದವರುಂಟು, ಶಿಲ್ಪವೆಂದು ನೋಡಿದವರುಂಟು. ಎತ್ತೆಂದು ನೋಡಿದವರು ಬಹಳ ಕಡಿಮೆ. ಈ ಮಾಘಮಾಸದ ಒಂದು ಭಾನುವಾರ ನಮ್ಮ ಮನೆಯವರೆಲ್ಲ ಹೋಗಿ ಹಾಗೆ ನೋಡಿ ಬಂದೆವು. ನೋಡಿದ್ದರಿಂದ ಮನೆಯ ವ್ಯವಹಾರವೊಂದು ಬೇರೆ ದಾರಿ ಹಿಡಿಯಿತಾದ ಕಾರಣ ಇದನ್ನು ಬರೆಯುತ್ತಿದ್ದೇನೆ.

ಮೊದಲು ಬಸವಣ್ಣನ ವಿಷಯ. ವಿಜಯನಗರದ ಅಚ್ಯುತರಾಯನು 1529ರಿಂದ 1542ರವರೆಗೆ ಆಳಿದನು. ಆ ಕಾಲದಲ್ಲಿ ಪೆನುಕೊಂಡೆಯಲ್ಲಿ ಅಧಿಕಾರದಲ್ಲಿದ್ದ ವಿರೂಪಣ್ಣ, ವೀರಣ್ಣ ಎಂಬ ಅಣ್ಣತಮ್ಮಂದಿರು ಇಲ್ಲಿಯ ವೀರಭದ್ರಸ್ವಾಮಿಯ ದೇವಾಲಯವನ್ನು ಕಟ್ಟಿಸಿದರೆಂದು ಹೇಳಲಾಗಿದೆ. ದೇವಾಲಯ ನಿಂತಿರುವ ಬಂಡೆಗುಡ್ಡ ಆಮೆಯ ಬೆನ್ನಿನಂತಿರುವುದರಿಂದ ಅದಕ್ಕೆ ಕೂರ್ಮಶೈಲವೆಂದು ಹೆಸರು. ಗೋಡೆಗಳಲ್ಲಿ ಕನ್ನಡ ಶಾಸನಗಳಿವೆ. ನಮ್ಮ ಮಕ್ಕಳು ಅಲ್ಲೊಂದು ಇಲ್ಲೊಂದು ಅಕ್ಷರ ಗುರುತಿಸಿ ಸಂತೋಷಪಟ್ಟರು. ಅಲ್ಲಿಂದ ಸುಮಾರು 200 ಮೀಟರು ದೂರದಲ್ಲಿ ಬಸವಣ್ಣ. ಉದ್ದ 27 ಅಡಿ, ಎತ್ತರ 15 ಅಡಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಎಲ್ಲವೂ ಒಂದೇ ಬಂಡೆ. ಎಲ್ಲಿಯೂ ಸೇರಿಸಿ ಕೂಡಿಸಿದ ತುಂಡಿಲ್ಲ. 2022ರಲ್ಲಿ ದೇವಾಲಯವನ್ನೂ ಬಸವಣ್ಣನನ್ನೂ ಒಟ್ಟಾಗಿ ಯುನೆಸ್ಕೋದ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿಸಿದರು. ಅದೇ ವರ್ಷ ಅನಂತಪುರ ಜಿಲ್ಲೆ ಒಡೆದು, ಲೇಪಾಕ್ಷಿಯೂ ನಮ್ಮ ತಾಲ್ಲೂಕೂ ಶ್ರೀ ಸತ್ಯಸಾಯಿ ಜಿಲ್ಲೆಗೆ ಬಂದವು.

ದೊಡ್ಡ ಬಸವಣ್ಣಗಳು ನಮಗೆ ಅಪರೂಪವೇನಲ್ಲ. ಮೈಸೂರಿನ ಚಾಮುಂಡಿಬೆಟ್ಟದ ಮೇಲೆ ದೊಡ್ಡದೇವರಾಜ ಒಡೆಯರ ಕಾಲದ್ದು ಒಂದಿದೆ. ಬೆಂಗಳೂರಿನ ಬಸವನಗುಡಿಯದಂತೂ ಕಡಲೆಕಾಯಿ ಬೆಳೆಯುವ ನಮ್ಮಂಥವರಿಗೆ ಸ್ವಂತ ನಂಟಿನದು. ಹೊಲಕ್ಕೆ ನುಗ್ಗಿ ಕಡಲೆಕಾಯಿ ಮೇಯುತ್ತಿದ್ದ ಬಸವನನ್ನು ಸಮಾಧಾನಪಡಿಸಲು ರೈತರು ಮೊದಲ ಫಸಲನ್ನು ಒಪ್ಪಿಸಿದರೆಂಬುದು ಅಲ್ಲಿಯ ಕಥೆ, ಕಾರ್ತಿಕದ ಕಡೆಯ ಸೋಮವಾರದ ಪರಿಷೆ ಅದರಿಂದ ಬಂದದ್ದು. ಆದರೆ ಆ ಎರಡೂ ಎಣ್ಣೆ ಬೆಣ್ಣೆಗಳಿಂದ ಕಪ್ಪಾಗಿ ಹೊಳೆಯುತ್ತವೆ. ಲೇಪಾಕ್ಷಿಯದು ಬಿಸಿಲು ಮಳೆಗೆ ಬಯಲಲ್ಲಿ ಕುಳಿತ ಬರಿಯ ಕಲ್ಲು. ಆದ್ದರಿಂದ ಮೈಯ ಉಬ್ಬು ತಗ್ಗು, ಚರ್ಮದ ಮಡಿಕೆ, ಕಟ್ಟಿದ ಗಂಟೆಸರ ಎಲ್ಲವೂ ಬೆಳಗಿನ ಓರೆಬಿಸಿಲಿನಲ್ಲಿ ಬಿಡಿಬಿಡಿಯಾಗಿ ಕಾಣುತ್ತವೆ. ಎತ್ತಿನ ಪರೀಕ್ಷೆ ಮಾಡತಕ್ಕವರು ಬೆಳಿಗ್ಗೆ 9 ಗಂಟೆಯೊಳಗೆ ಅಲ್ಲಿರಬೇಕು. ಹೊತ್ತೇರಿದರೆ ಕಲ್ಲು ಬರಿದೆ ಬೆಳ್ಳಗೆ ಕಣ್ಣು ಕುಕ್ಕುತ್ತದೆ.

ಈಗ ನಮ್ಮ ಮನೆಯ ಸಂಗತಿ. ನಮಗಿರುವುದು 5 ಎಕರೆ ಕೆಂಪು ಮಣ್ಣಿನ ಹೊಲ, ಎಲ್ಲವೂ ಮಳೆಯಾಧಾರ. ಮೂರು ಎಕರೆಗೆ ಕಡಲೆಕಾಯಿ, ನಡುವೆ ತೊಗರಿಯ ಸಾಲು. ಎರಡು ಎಕರೆಗೆ ರಾಗಿ. ನನ್ನದು ಉಪಾಧ್ಯಾಯ ವೃತ್ತಿಯಾದ್ದರಿಂದ ಹೊಲದ ಬಹುಪಾಲು ಕೆಲಸ ತಮ್ಮನದು. ಕೊಟ್ಟಿಗೆಯಲ್ಲಿ ಒಂದು ಜೋಡಿ ಹಳ್ಳಿಕಾರ್ ಎತ್ತುಗಳಿವೆ. 2019ರಲ್ಲಿ ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲಿ ಎರಡು ಹಲ್ಲಿನ ಹೋರಿಗಳಾಗಿದ್ದಾಗ ತಂದೆಯವರೇ ಆರಿಸಿ ತಂದದ್ದು. 2022ರಲ್ಲಿ ಚರ್ಮಗಂಟು ರೋಗ ದೇಶವೆಲ್ಲ ಹರಡಿದಾಗ ಮೇಕೆಸಿಡುಬಿನ ಲಸಿಕೆಯನ್ನೇ ದನಗಳಿಗೂ ಹಾಕಿದರಷ್ಟೆ. ನಮ್ಮ ಊರಲ್ಲಿ ಕೆಲವು ಹಸುಗಳು ಹೋದವು, ಈ ಜೋಡಿ ಉಳಿಯಿತು. ನಮ್ಮ ಊರಿನಲ್ಲಿ ಈಗ ಇಂಥ ಜೋಡಿಗಳು ಒಟ್ಟು ಮೂರು. ನಾನು ಹುಡುಗನಾಗಿದ್ದಾಗ ಸಂಕ್ರಾಂತಿಯ ಸಂಜೆ ಕಿಚ್ಚು ಹಾಯುವ ಎತ್ತುಗಳನ್ನು ಎಣಿಸಲು ಹೊರಟು ಲೆಕ್ಕ ತಪ್ಪುತ್ತಿತ್ತು.

ತಮ್ಮನಿಗೆ ಈ ಜೋಡಿಯನ್ನು ಕೊಟ್ಟುಬಿಡಬೇಕೆಂಬ ಯೋಚನೆ. ದಲ್ಲಾಳಿಯೊಬ್ಬ ಎರಡು ಸಲ ಮನೆಗೆ ಬಂದು ಹೋಗಿದ್ದ. ತಮ್ಮನ ವಾದವನ್ನು ಹಗುರವಾಗಿ ಕಾಣುವಂತಿಲ್ಲ. ವರ್ಷದ 365 ದಿನವೂ ಮೇಯುವ ಎತ್ತು ದುಡಿಯುವುದು ಹೆಚ್ಚೆಂದರೆ 60 ದಿನ. ಉಳುವುದಕ್ಕೆ ಟ್ರ್ಯಾಕ್ಟರು ಬರುತ್ತದೆ, ಕಳೆಗೆ ಕೈಯಲ್ಲಿ ತಳ್ಳುವ ಸಣ್ಣ ಯಂತ್ರಗಳು ಬಂದಿವೆ. ಎತ್ತು ಕಟ್ಟಿದವನು ಒಂದು ರಾತ್ರಿ ನೆಂಟರ ಮನೆಯಲ್ಲಿ ಉಳಿಯುವ ಹಾಗಿಲ್ಲ. ತಂದೆಯವರು ಇದಕ್ಕೆ ಎದುರಾಡಲಿಲ್ಲ. ಊಟ ಕಡಿಮೆ ಮಾಡಿದರು. ಮನೆಯಲ್ಲಿ ಮಾತು ಬಿಗಿಯಾಗುತ್ತಿರುವುದನ್ನು ಕಂಡು, ಎಲ್ಲರೂ ಒಂದು ದಿನ ಹೊರಗೆ ಹೋಗಿ ಬರೋಣವೆಂದು ನನ್ನ ಹೆಂಡತಿ ಸೂಚಿಸಿದಳು. ಪಕ್ಕದ ಮನೆಯವರಿಗೆ ದನಗಳ ಮೇವು ನೀರಿನ ಹೊಣೆ ಒಪ್ಪಿಸಿ ಹೊರಟೆವು.

ಮಡಕಶಿರಾದಿಂದ ಹಿಂದೂಪುರಕ್ಕೆ ಒಂದು ಬಸ್ಸು, ಅಲ್ಲಿಂದ ಲೇಪಾಕ್ಷಿಗೆ ಇನ್ನೊಂದು. ಹುಣಿಸೆಹಣ್ಣಿನ ಕಾಲ ಆರಂಭವಾಗಿತ್ತು. ಹಿಂದೂಪುರದ ಮಾರುಕಟ್ಟೆಯ ಕಡೆಗೆ ಮೂಟೆ ಹೇರಿದ ಗಾಡಿಗಳು ಸಾಲಾಗಿ ಹೋಗುತ್ತಿದ್ದವು. ಗಾಡಿಗಳೆಂದರೆ ಎಲ್ಲವೂ ಮೋಟಾರು ಗಾಡಿಗಳೇ. ತಂದೆಯವರು ಕಿಟಕಿಯಿಂದ ನೋಡುತ್ತ ಒಂದಾದರೂ ಎತ್ತಿನ ಗಾಡಿ ಕಂಡೀತೆಂದು ಕಾದಿದ್ದರೆಂದು ನನಗೆ ತೋರಿತು.

ಬಸವಣ್ಣನ ಮುಂದೆ ಇಳಿದಾಗ ಎಲ್ಲರೂ ಕೈ ಮುಗಿದರು. ಮಕ್ಕಳು ಒಂದು ಸುತ್ತು ಬಂದು, ಬಾಲದ ಬಳಿ ನಿಂತು, ಚಿತ್ರ ತೆಗೆಯುವ ಗಡಿಬಿಡಿಯಲ್ಲಿದ್ದರು. ತಂದೆಯವರು ಮಾತ್ರ ನಿಂತಲ್ಲಿಂದ ಕದಲದೆ, ಜಾತ್ರೆಯಲ್ಲಿ ಎತ್ತಿನ ಮುಂದೆ ನಿಲ್ಲುವ ಹಾಗೆ, ಎರಡು ಕೈ ಹಿಂದೆ ಕಟ್ಟಿಕೊಂಡು ಮೊದಲು ಮುಖ ನೋಡಿದರು. ಆಮೇಲೆ ಮಗ್ಗುಲಿಗೆ ಬಂದರು. ಆಮೇಲೆ ಹಿಂದಕ್ಕೆ. ಎತ್ತು ನೋಡುವ ಕ್ರಮವೇ ಅದು. ಮುಂದಿನಿಂದ ಹಣೆ, ಕಣ್ಣು, ಕೊಂಬಿನ ಬುಡ. ಮಗ್ಗುಲಿನಿಂದ ಕತ್ತು, ಹಿಣಿಲು, ಬೆನ್ನಿನ ಗೆರೆ. ಹಿಂದಿನಿಂದ ತೊಡೆ, ಗೊರಸು, ನಿಲುವು. ಕಡೆಗೆ ಬಾಯಿ ಬಿಡಿಸಿ ಹಲ್ಲು ನೋಡಬೇಕು. ಎರಡು ಹಲ್ಲಾದರೆ ಸುಮಾರು ಎರಡೂವರೆ ವರ್ಷ, ಎಂಟೂ ಬಂದು ಬಾಯಿಗೂಡಿದರೆ ಐದರ ಹತ್ತಿರ. ಸುಳಿಗಳ ಲೆಕ್ಕ ಬೇರೆಯೇ ಉಂಟು. ಅದರಲ್ಲಿ ನನಗೆ ನಂಬಿಕೆಯಿಲ್ಲ, ಆದರೂ ಸುಳಿ ನೋಡದೆ ಎತ್ತು ಕೊಂಡವರನ್ನು ನಾನು ಕಂಡಿಲ್ಲ.

"ತಾತ, ಇದಕ್ಕೆ ಎಷ್ಟು ಹಲ್ಲು?" ಎಂದು ನನ್ನ ಕಿರಿಮಗಳು ಕೇಳಿದಳು.

"ಬಾಯಿ ಬಿಡ್ಸೋಕೆ ನಿಮ್ಮಪ್ಪನ್ನ ಏಣಿ ತರೋಕೆ ಹೇಳು" ಎಂದರು ತಂದೆಯವರು. ಎಷ್ಟೋ ದಿನಗಳ ಮೇಲೆ ಅವರ ಬಾಯಿಂದ ತಮಾಷೆಯ ಮಾತು ಕೇಳಿದೆವು.

ಆಮೇಲೆ ತಳಿಯ ಚರ್ಚೆ ಹುಟ್ಟಿತು. ನಮ್ಮ ಹಳ್ಳಿಕಾರ್ ಎತ್ತಿನ ಲಕ್ಷಣ ಬಲ್ಲವರಿಗೆ ಗೊತ್ತೇ ಇದೆ: ಉದ್ದ ಮುಖ, ಉಬ್ಬಿದ ಹಣೆಯ ನಡುವೆ ಒಂದು ಗೀರು, ನೆತ್ತಿಯ ಮೇಲೆ ಒಂದಕ್ಕೊಂದು ಹತ್ತಿರದಲ್ಲೇ ಹುಟ್ಟಿ ಹಿಂದಕ್ಕೆ ಸಾಗಿ ತುದಿಯಲ್ಲಿ ಮುಂದಕ್ಕೆ ಬಾಗುವ ನೀಳವಾದ ಕೊಂಬು, ತೆಳುವಾದ ಗಂಗೆದೊಗಲು, ಬಿಗಿಯಾದ ಮೈ. ಮೈಸೂರು ಅರಸರ ಬೆಣ್ಣೆಚಾವಡಿಯ ಹೋರಿಗಳು, ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಎಂದು ಹೆಸರು ಪಡೆದ ದಂಡಿನ ಎತ್ತುಗಳು, ಇದೇ ರಕ್ತದ ಬಂಧುಗಳು. 2000ದಲ್ಲಿ ಅಂಚೆ ಇಲಾಖೆಯವರು ಹಳ್ಳಿಕಾರ್ ಚಿತ್ರದ ಅಂಚೆಚೀಟಿಯನ್ನೂ ತಂದಿದ್ದರು. ಒಂಗೋಲಿನದು ಇದಕ್ಕೆ ತದ್ವಿರುದ್ಧ: ಗಿಡ್ಡ ಕೊಂಬು, ದಪ್ಪ ಕತ್ತು, ಮಡಿಕೆ ಮಡಿಕೆಯಾಗಿ ಇಳಿಬಿದ್ದ ಗಂಗೆದೊಗಲು, ದೊಡ್ಡ ಹಿಣಿಲು. ಲೇಪಾಕ್ಷಿಯ ಬಸವಣ್ಣನ ಕೊಂಬು ಗಿಡ್ಡ, ಕತ್ತು ದಪ್ಪ. "ಇದು ನಮ್ಮ ಕಡೇದಲ್ಲ, ಕೆಳಗಲ ಸೀಮೇದು. ಒಂಗೋಲು" ಎಂದು ತಂದೆಯವರು ತೀರ್ಪು ಕೊಟ್ಟರು.

ನನ್ನ ಹೆಂಡತಿ ಒಪ್ಪಲಿಲ್ಲ. "ಮಾವ, ಹಳ್ಳಿಕಾರಿನ ಕೊಂಬನ್ನ ಕಲ್ಲಲ್ಲಿ ಕಡೆದ್ರೆ ನಿಲ್ತದಾ? ಮೊದಲನೇ ಸಿಡಿಲಿಗೇ ಮುರ್ಕೊಂಡು ಬೀಳ್ತದೆ."

ಇದು ಯೋಚಿಸತಕ್ಕ ಮಾತು. ಒಂದೇ ಬಂಡೆಯಿಂದ ಕಡೆಯುವವನು ನೀಳವಾದ ಕೊಂಬನ್ನು ಗಾಳಿಯಲ್ಲಿ ಬಿಟ್ಟರೆ ಅದು ಉಳಿಯುವ ಭರವಸೆ ಇಲ್ಲ. ನನಗೆ ತೋರುವ ಮಟ್ಟಿಗೆ ಶಿಲ್ಪಿಗಳ ಬಸವ ಯಾವೊಂದು ಊರಿನ ತಳಿಯೂ ಅಲ್ಲ. ಅವರಿಗೆ ಅವರದೇ ಅಳತೆ, ಅವರದೇ ಸಂಪ್ರದಾಯ. ಆದರೆ ಕುಳಿತ ಭಂಗಿ ಮಾತ್ರ ಕಣ್ಣಾರೆ ಕಂಡದ್ದು. ಹೊಟ್ಟೆ ತುಂಬ ಮೇದ ಎತ್ತು ಒಣಗಿದ ನೆಲದಲ್ಲಿ ಕುಳಿತು, ದೂರದಲ್ಲಿ ಒಡೆಯನ ಹೆಜ್ಜೆ ಕೇಳಿದಾಗ ಮೆಲುಕು ನಿಲ್ಲಿಸಿ ಕತ್ತೆತ್ತುತ್ತದಲ್ಲ, ಆ ಗಳಿಗೆ ಅಲ್ಲಿದೆ. ಎದ್ದು ನಿಲ್ಲುವುದಕ್ಕೆ ಇನ್ನು ಒಂದೇ ಉಸಿರು. ತಂದೆಯವರೂ ಕಡೆಗೆ ಅಲ್ಲಿಗೇ ಬಂದರು. "ಯಾವ ತಳಿಯಾದರೂ ಆಗ್ಲಿ, ಮೇವು ಕಂಡಿರೋ ಎತ್ತು. ಇದನ್ನ ಕಡೆದೋನು ಮನೇಲಿ ಎತ್ತು ಕಟ್ಟಿದ್ದೋನೇ" ಎಂದರು.

ಇದಾದ ಮೇಲೆ ನಡೆದದ್ದು ಜಾತ್ರೆಯ ವ್ಯಾಪಾರ. ದನದ ಜಾತ್ರೆಗಳಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೊಳ್ಳುವವನೂ ಕೊಡುವವನೂ ಟವಲಿನ ಮರೆಯಲ್ಲಿ ಕೈ ಹಿಡಿದು, ಬೆರಳು ಒತ್ತಿ ಬೆಲೆ ಹೇಳಿಕೊಳ್ಳುತ್ತಾರೆ. ಸುತ್ತ ನಿಂತವರಿಗೆ ಕಾಣುವುದು ಮುಖ ಮಾತ್ರ. ನನ್ನ ಹಿರಿಮಗ ಪಿಯುಸಿ ಓದುವ ಹುಡುಗ, ಈ ವಿದ್ಯೆ ಕಂಡವನಲ್ಲ. ತಂದೆಯವರು ಹೆಗಲ ಟವಲನ್ನು ಅವನ ಕೈಮೇಲೆ ಹಾಕಿ, "ಕಲ್ಲುಬಸವನಿಗೆ ಎಷ್ಟು ಕೊಡ್ತೀಯ?" ಎಂದರು. ಹುಡುಗ ಐದು ಬೆರಳನ್ನೂ ಒಟ್ಟಿಗೆ ಒತ್ತಿದನು, ತಾತ ತಲೆಯಲ್ಲಾಡಿಸಿದರು, ಇಬ್ಬರೂ ಹೀಗೆ ಸ್ವಲ್ಪ ಹೊತ್ತು ಆಡಿದರು. ಆಮೇಲೆ ತಂದೆಯವರು ಅದೇ ದನಿಯಲ್ಲಿ, "ಮನೇಲಿರೋ ಜೋಡಿಗೆ?" ಎಂದು ಕೇಳಿದರು. ಹುಡುಗ ಕೈ ಎಳೆದುಕೊಂಡನು. ತಮ್ಮ ರಸ್ತೆಯ ಕಡೆಗೆ ನೋಡುತ್ತ ನಿಂತಿದ್ದ.

ದೇವಾಲಯದ ವಿಷಯ ಬಹಳ ಮಂದಿ ಬರೆದಿದ್ದಾರೆ, ನಾನು ಬೆಳೆಸುವುದಿಲ್ಲ. ನೆಲಕ್ಕೆ ಪೂರ್ತಿ ಊರದೆ ನಿಂತ ಕಂಬದ ಕೆಳಗೆ ನಮ್ಮ ಮಕ್ಕಳೂ ಎಲ್ಲರ ಹಾಗೆ ಬಟ್ಟೆ ತೂರಿಸಿ ಎಳೆದರು. ಮಾಳಿಗೆಯ ಬಣ್ಣದ ಚಿತ್ರಗಳನ್ನು ಕತ್ತು ನೋಯುವವರೆಗೆ ನೋಡಿದೆವು. ಏಳು ಹೆಡೆಯ ದೊಡ್ಡ ನಾಗಲಿಂಗದ ಕಡೆಗೇ ರಸ್ತೆಯ ಬಸವಣ್ಣನ ದೃಷ್ಟಿ ಇದೆ ಎನ್ನುತ್ತಾರೆ. ಅಂಗಳದ ಬಂಡೆಯಲ್ಲಿ ತಟ್ಟೆಗಳಂತೆ ಗುಂಡಗೆ ಕೊರೆದ ಗುಣಿಗಳಿವೆ. ಕಲ್ಲುಕುಟಿಗರು ಅವುಗಳಲ್ಲೇ ಉಣ್ಣುತ್ತಿದ್ದರೆಂದು ಪ್ರತೀತಿ. ಅದನ್ನು ಕೇಳಿದ ಕೂಡಲೆ ಮಕ್ಕಳಿಗೆ ಹಸಿವಾಯಿತು. ಹೊರಗೆ ಬಂದು, ಮರದ ನೆರಳಲ್ಲಿ ಕುಳಿತು, ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಮೊಸರನ್ನದ ಗಂಟು ಬಿಚ್ಚಿದೆವು.

ಊಟವಾದ ಮೇಲೆ ತಮ್ಮನೇ ಮಾತು ತೆಗೆದನು. "ಅಣ್ಣ, ಲೆಕ್ಕ ಹಾಕೋಣ. ಪ್ರೀತಿ ಬೇರೆ, ಲೆಕ್ಕ ಬೇರೆ." ಮಗಳ ಚೀಲದಲ್ಲಿದ್ದ ನೋಟುಪುಸ್ತಕದ ಹಿಂದಿನ ಹಾಳೆಯಲ್ಲಿ ನಾನು ಬರೆಯುತ್ತ ಹೋದೆನು. ಬೇಸಾಯಗಾರ ವಾಚಕರಿಗೆ ಉಪಯೋಗವಾದೀತೆಂದು ಅದನ್ನು ಇಲ್ಲಿ ಕೊಡುತ್ತೇನೆ.

ಸುಮಾರು 350 ಕಿಲೋ ತೂಗುವ ಎತ್ತಿಗೆ ದಿನಕ್ಕೆ 8 ಕಿಲೋದಷ್ಟು ಒಣಮೇವು ಬೇಕು. ಜೋಡಿಗೆ 16 ಕಿಲೋ, ವರ್ಷಕ್ಕೆ 5,840 ಕಿಲೋ. ಹೆಚ್ಚು ಕಡಿಮೆ 6 ಟನ್ನು. ಮಳೆ ಸರಿಯಾದ ವರ್ಷ ನಮ್ಮ ರಾಗಿಹುಲ್ಲು, ಕಡಲೆಕಾಯಿ ಬಳ್ಳಿ, ಬದುವಿನ ಹುಲ್ಲು ಸೇರಿ ಇದರ ಬಹುಭಾಗ ಕೈಗೆ ಬರುತ್ತದೆ. ಮಳೆ ಕೈಕೊಟ್ಟ ವರ್ಷ ಹುಲ್ಲು ಕೊಳ್ಳಬೇಕು, ಆ ವರ್ಷ ಹುಲ್ಲಿಗೂ ಬಂಗಾರದ ಬೆಲೆ. ಇನ್ನೊಂದು ಕಡೆ ಸಗಣಿ: ಜೋಡಿಗೆ ದಿನಕ್ಕೆ 20 ಕಿಲೋ ಹಿಡಿದರೂ ವರ್ಷಕ್ಕೆ 7 ಟನ್ನಿಗೆ ಮೇಲಾಗುತ್ತದೆ. ಹಸಿ ಸಗಣಿ ಒಣಗಿ ಕಳಿತು ಗೊಬ್ಬರವಾಗುವಾಗ ತೂಕ ಇಳಿಯುವುದು ನಿಜ. ಆದರೂ ನಮ್ಮಂಥ ತೆಳು ಮಣ್ಣಿಗೆ ಅದು ಬೇಕು.

ಮಾಗಿ ಉಳುಮೆಗೆ ಟ್ರ್ಯಾಕ್ಟರಿನ ಸಮಕ್ಕೆ ಎತ್ತು ಬಾರದು. ಆ ಮಾತನ್ನು ತಂದೆಯವರೂ ಒಪ್ಪುತ್ತಾರೆ. ಪ್ರಶ್ನೆ ಇರುವುದು ಬಿತ್ತನೆಯ ದಿನ. ನಮ್ಮ ಸೀಮೆಗೆ ವರ್ಷಕ್ಕೆ ಬೀಳುವುದು ಸುಮಾರು 550 ಮಿಲಿಮೀಟರು ಮಳೆ, ಅದೂ ಯಾವಾಗ ಬಂದೀತೋ ತಿಳಿಯದು. ಹದವಾದ ಮಳೆ ಬಿದ್ದರೆ ಕೆಂಪು ನೆಲದಲ್ಲಿ ತೇವ ನಿಲ್ಲುವುದು ಎರಡು ಮೂರು ದಿನ. ಆ ಎರಡು ಮೂರು ದಿನ ಊರಿಗೆ ಊರೇ ಟ್ರ್ಯಾಕ್ಟರಿನವನ ಮನೆ ಮುಂದೆ ನಿಲ್ಲುತ್ತದೆ. ಗಂಟೆಗೆ ಸಾವಿರ ಕೊಡುತ್ತೇನೆಂದರೂ 3 ಎಕರೆಯವನ ಸರದಿ ಬರುವುದು 15 ಎಕರೆಯವನ ಆಮೇಲೆ. ಕೊಟ್ಟಿಗೆಯಲ್ಲಿ ಎತ್ತಿದ್ದವನು ಕೂರಿಗೆ ಹೂಡಿ, ದಿನಕ್ಕೆ ಎರಡು ಎಕರೆಯಂತೆ ಎರಡನೆಯ ದಿನ ಮುಗಿಸುತ್ತಾನೆ. ಮೊಳೆತ ಮೇಲೆ, ಗೇಣಿಗಿಂತ ಸ್ವಲ್ಪ ಅಗಲದ ಸಾಲುಗಳ ನಡುವೆ ಎಡೆಕುಂಟೆ ಹೊಡೆಯಬೇಕು. ಬೆಳೆ ತುಳಿಯದೆ ಅಲ್ಲಿ ನಡೆಯುವುದನ್ನು ಎತ್ತು ಬಲ್ಲದು. ತಳ್ಳುವ ಯಂತ್ರವೂ ಈ ಕೆಲಸ ಮಾಡೀತು. ಕಲ್ಲು ಹೊಲದಲ್ಲಿ ಅದನ್ನು ದಿನವಿಡೀ ತಳ್ಳಿದವನ ಭುಜವನ್ನು ಸಂಜೆ ಕೇಳಬೇಕು.

ಇಷ್ಟರಲ್ಲಿ ನನ್ನ ಹೆಂಡತಿ ಬಾಯಿ ಹಾಕಿದಳು. "ಊರೋರ ಹೊಲಕ್ಕೆಲ್ಲ ಪುಗಸಟ್ಟೆ ಕುಂಟೆ ಹೊಡೆಯೋಕೆ ಹೋಗೋ ಎತ್ತು ನಿಮ್ಮ ಲೆಕ್ಕದಲ್ಲಿ ಎಲ್ಲೈತೆ? ದಿನಾ ಸಗಣಿ ಬಾಚೋ ನಾವಿಬ್ರು ಎಲ್ಲಿದ್ದೀವಿ?" ನಾವಿಬ್ಬರು ಎಂದರೆ ಅವಳು ಮತ್ತು ತಮ್ಮನ ಹೆಂಡತಿ. ಹಾಳೆಯಲ್ಲಿ ಎರಡೂ ಇರಲಿಲ್ಲ. ಮೂರೇ ಜೋಡಿ ಉಳಿದಿರುವುದರಿಂದ ಆಷಾಢದಲ್ಲಿ ನಮ್ಮ ಎತ್ತುಗಳನ್ನು ಕೇಳಿಕೊಂಡು ಬರುವವರು ಬಹಳ. ಒಂದು ದಿನ ಇವರ ಹೊಲ, ಒಂದು ದಿನ ಅವರ ಹೊಲ. ಪ್ರತಿಯಾಗಿ ಒಂದು ಕಾಫಿ. ಹಿಂದೆ ಮನೆಮನೆಯಲ್ಲೂ ಎತ್ತಿದ್ದಾಗ ಇದು ಮುಯ್ಯಿ. ನಮ್ಮದು ಅವರಿಗೆ, ಅವರದು ನಮಗೆ. ಅವರ ಮನೆಯಲ್ಲಿ ಎತ್ತೇ ಇಲ್ಲದ ಮೇಲೆ ಮುಯ್ಯಿ ಹಿಂದಿರುಗುವುದೆಲ್ಲಿಂದ? ಎತ್ತು ನಷ್ಟವೆಂದು ಕಂಡದ್ದರಲ್ಲಿ ಅರ್ಧ ಪಾಲು ಇಲ್ಲಿ ಸೋರಿಹೋಗುತ್ತಿತ್ತು.

ಇದು ನಮ್ಮೊಂದು ಮನೆಯ ಮಾತಲ್ಲ. 2019ರ ಜಾನುವಾರು ಗಣತಿಯಲ್ಲಿ ದೇಶದ ಒಟ್ಟು ದನಗಳು 19.25 ಕೋಟಿ. ಅದರಲ್ಲಿ ಹಸುಗಳು 2012ಕ್ಕಿಂತ ಶೇಕಡ 18ರಷ್ಟು ಹೆಚ್ಚಿದ್ದವು. ಎತ್ತು ಹೋರಿಗಳು ಶೇಕಡ 30ರಷ್ಟು ಇಳಿದು 4.74 ಕೋಟಿಗೆ ಬಂದಿದ್ದವು. ಏಳು ವರ್ಷದಲ್ಲಿ ಹತ್ತಕ್ಕೆ ಮೂರು ಹೋದಂತಾಯಿತು. ಗಂಡುಗರುಗಳು ಹುಟ್ಟುವುದೇನೂ ನಿಂತಿಲ್ಲ, ಉಳಿಯುವುದು ನಿಂತಿದೆ. ಹೆಣ್ಣುಗರುವೇ ಹುಟ್ಟಲೆಂದು ಲಿಂಗ ಬೇರ್ಪಡಿಸಿದ ವೀರ್ಯ ಕೂಡ ಈಗ ಪಶು ಆಸ್ಪತ್ರೆಗಳ ಮೂಲಕ ಸಿಕ್ಕುತ್ತಿದೆ. ಹಾಲು ಮಾರಿ ಬದುಕುವವನಿಗೆ ಅದು ಅನುಕೂಲವೇ, ತಪ್ಪೆನ್ನಲಾರೆ. ಆದರೆ ಒಂದು ಊರಿನಲ್ಲಿ ಕಡೆಯ ಜೋಡಿ ಹೋದರೆ ಅದರ ಹಿಂದೆಯೇ ಮೂಗುದಾರ ಹಾಕುವವನು, ಲಾಳ ಕಟ್ಟುವವನು, ಕೂರಿಗೆ ಕೆತ್ತುವ ಆಚಾರಿ ಎಲ್ಲರೂ ಹೋಗುತ್ತಾರೆ. ಆಮೇಲೆ ಒಬ್ಬನು ಎತ್ತು ಕಟ್ಟುತ್ತೇನೆಂದರೂ ಕಟ್ಟಲಾಗುವುದಿಲ್ಲ. ನಮ್ಮಲ್ಲಿ ಲಾಳಕ್ಕೆ ಈಗಾಗಲೇ ಹತ್ತು ಕಿಲೋಮೀಟರು ನಡೆಸಿಕೊಂಡು ಹೋಗಬೇಕು.

ಹಿಂದಿರುಗುವ ಬಸ್ಸಿನಲ್ಲಿ ಮಕ್ಕಳು ನಿದ್ದೆಹೋದರು, ದೊಡ್ಡವರು ಗೊತ್ತುಪಾಡು ಮಾಡಿಕೊಂಡೆವು. ಇನ್ನೆರಡು ಮುಂಗಾರು ಜೋಡಿಯನ್ನು ಇಟ್ಟುಕೊಳ್ಳುವುದು. ಮಾಗಿ ಉಳುಮೆ ಟ್ರ್ಯಾಕ್ಟರಿಗೆ. ಬಿತ್ತನೆ, ಎಡೆಕುಂಟೆ ಎತ್ತಿಗೆ. ನಮ್ಮ ಬಿತ್ತನೆ ಮುಗಿದ ಮೇಲೆ ಕೇಳಿದವರ ಹೊಲಕ್ಕೆ ದಿನಬಾಡಿಗೆಯ ಮೇಲೆ ಹೋಗುವುದು. ದುಡ್ಡಿಲ್ಲದವರು ಒಂದು ಹೊರೆ ಬಳ್ಳಿಯನ್ನೋ ರಾಗಿಹುಲ್ಲನ್ನೋ ಕೊಡಬಹುದು. ಬರವು ಖರ್ಚು ಬರೆಯುವ ಕೆಲಸ ಹಿರಿಮಗನದು. ಭಾನುವಾರ ಮತ್ತು ರಜಾದಿನಗಳಲ್ಲಿ ಕೊಟ್ಟಿಗೆ ಬಾಚುವುದು ನನ್ನದು ಮತ್ತು ತಮ್ಮನದು. ಈ ಕಡೆಯ ಕಲಮನ್ನು ಹೆಂಗಸರು ಎರಡು ಸಲ ಓದಿಸಿ ಕೇಳಿದರು. ಎರಡು ವರ್ಷದ ಲೆಕ್ಕ ನಷ್ಟ ತೋರಿದರೆ ತಮ್ಮನ ಮಾತಿನಂತೆ ಮಾರುವುದು, ಯಾರೂ ಎದುರಾಡಕೂಡದು. ತಂದೆಯವರು ಇದಕ್ಕೂ ಹೂಂ ಎಂದರು.

ಮುಂದಿನ ವಾರ ದಲ್ಲಾಳಿ ಬಂದಾಗ ತಮ್ಮನೇ ಮುಂದೆ ನಿಂತು, ಎರಡು ಮುಂಗಾರು ಕಳೆದು ಬಾ ಎಂದು ಹೇಳಿ ಕಳಿಸಿದನು. ಕುಂಟೆಗೆ ಈಗಲೇ ನಾಲ್ಕು ಮನೆಯವರು ಹೆಸರು ಬರೆಸಿದ್ದಾರೆ. ಅವರಲ್ಲಿ ಇಬ್ಬರದು ಹುಲ್ಲಿನ ಕರಾರು.